ಸುವಾರ್ತಮ್ಮನ ಭಾನುವಾರ

ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಯೂನಿಟ್ಟುಗಳಲ್ಲಿ ವಾರದ ರಜೆ ದೇವರ ಕೈಯಲ್ಲೂ ಇಲ್ಲ, ಮಾಲೀಕನ ಕೈಯಲ್ಲೂ ಇಲ್ಲ. ಅದು ಲೈನ್‌ಮನ್ ಕೈಯಲ್ಲಿದೆ. ಯಾವತ್ತು ದುರಸ್ತಿಗೆಂದು ಇಡೀ ದಿನ ಕರೆಂಟು ತೆಗೆಯುತ್ತಾರೋ ಅವತ್ತು ರಜೆ. ಒಂದು ವಾರ ಮಂಗಳವಾರ, ಇನ್ನೊಂದು ವಾರ ಗುರುವಾರ, ಕೆಲವು ವಾರ ಇಲ್ಲವೇ ಇಲ್ಲ. ಅಮಾವಾಸ್ಯೆಗೆ ಮಷೀನುಗಳಿಗೆ ಕರ್ಪೂರ ಬೆಳಗಿ, ನಿಂಬೆಹಣ್ಣು ಕೊಯ್ದು ಅರ್ಧ ದಿನ ಬಿಡುತ್ತಾರೆ. ಶುಕ್ರವಾರ ಮಧ್ಯಾಹ್ನ ಮುಸ್ಲಿಂ ಟೇಲರುಗಳು ನಮಾಜಿಗೆ ಹೋಗಿ ಬರುವ ತನಕ ಯಾರೂ ಏನೂ ಅನ್ನುವುದಿಲ್ಲ. ಭಾನುವಾರದ ಬಗ್ಗೆ ಮಾತ್ರ ಬಾಯಿ ಬಿಡುವಂತಿಲ್ಲ. ಸೋಮವಾರ ಬೆಳಿಗ್ಗೆ ಮಾಲು ವಾಷಿಂಗಿಗೆ ಹೋಗಬೇಕು, ಆದ್ದರಿಂದ ಭಾನುವಾರ ಕತ್ತೆ ದುಡಿತ.

ಸುವಾರ್ತಮ್ಮನಿಗೆ ಬೇಕಾಗಿದ್ದು ಆ ಭಾನುವಾರವೇ.

ಈಕೆ ಹುಟ್ಟಿದ್ದು ಸಿರುಗುಪ್ಪದ ಕೇರಿಯಲ್ಲಿ, ತಾತನ ಕಾಲಕ್ಕೇ ಕ್ರೈಸ್ತರಾದ ಮನೆಯಲ್ಲಿ. ಇವಳ ಅವ್ವ ಅಲ್ಲಿನ ಅಕ್ಕಿ ಗಿರಣಿಗಳ ಕಣದಲ್ಲಿ ಭತ್ತ ಹರವುತ್ತಿದ್ದಳು. ಅವ್ವನಿಗೆ ಚರ್ಚಿನಲ್ಲಿ ಮರಿಯಮ್ಮ ಎಂದು ಹೆಸರು, ಓಣಿಯಲ್ಲಿ ಮಾರೆಮ್ಮ. ಕೂಲಿಗೆ ಕರೆಯುವವರು ಎರಡನ್ನೂ ಬಿಟ್ಟು ‘ಏಯ್’ ಅನ್ನುತ್ತಿದ್ದರು. ಸುವಾರ್ತಮ್ಮನನ್ನು ಕುರುಗೋಡಿಗೆ ಕೊಟ್ಟರು. ಗಂಡ ಉಚ್ಚೆಂಗೆಪ್ಪ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆಯ ಮೇಲೆ ಬೂದಿ ಎತ್ತುತ್ತಾನೆ. ಗಂಡ ಕರೆಂಟು ಹುಟ್ಟುವ ಕಡೆ ದುಡಿಯುತ್ತಾನೆ, ಹೆಂಡತಿಯ ರಜೆ ಕರೆಂಟು ಸಾಯುವುದರ ಮೇಲೆ ನಿಂತಿದೆ.

ದಿನವೂ ಬೆಳಿಗ್ಗೆ ಕುರುಗೋಡಿನಿಂದ ಬಸ್ಸು ಹತ್ತಿ ಬಳ್ಳಾರಿಗೆ ಬರುತ್ತಾಳೆ. ಜಂಬುನಾಥನ ಯೂನಿಟ್ಟಿನಲ್ಲಿ ಫೀಡಾಫ್ ಮಷೀನು ಇವಳದು. ಪ್ಯಾಂಟಿನ ಮುಂದಿನ ತುಂಡು ಹಿಂದಿನ ತುಂಡು ಕೂಡಿಸಿ ಕಾಲು ಮಾಡುವ, ತೋಳು ಚಾಚಿದಂತಿರುವ ಮಷೀನು. ಅಲ್ಲಿ ಜೇಬು ಹೊಲಿಯುವವರು ನಾಲ್ಕೈದು ಮಂದಿ ಇದ್ದಾರೆ, ಜಿಪ್ ಹಾಕುವವರಿದ್ದಾರೆ, ಫೀಡಾಫ್ ಮಾತ್ರ ಒಂದೇ. ಎಲ್ಲರ ಮಾಲೂ ಇವಳ ತೊಡೆಯ ಮೇಲಿಂದಲೇ ಹಾಯಬೇಕು. ಇವಳು ನೀರು ಕುಡಿಯಲು ಎದ್ದರೂ ಇಡೀ ಲೈನು ತಿರುಗಿ ನೋಡುತ್ತದೆ. ಇದು ಹೆಮ್ಮೆಯ ಸೀಟು ಎಂದು ಹೊರಗಿನವರಿಗೆ ಅನ್ನಿಸಬಹುದು. ಮೂಗುದಾರ ಹಾಕಿಸಿಕೊಂಡ ಎತ್ತನ್ನು ಕೇಳಿ, ಹೆಮ್ಮೆ ಏನೆಂದು ಹೇಳುತ್ತದೆ.

ಮೊದಲು ಭಾನುವಾರದ ಪ್ರಾರ್ಥನೆ ಬಿಟ್ಟು ದುಡಿದರೂ ಅಂಥ ತೊಂದರೆ ಇರಲಿಲ್ಲ. ಕುರುಗೋಡಿನಲ್ಲಿ ಎಂಟು ಮನೆಯವರು ಸೇರಿ ಒಂದು ತಗಡಿನ ಶೆಡ್ಡಿನಲ್ಲಿ ಪ್ರಾರ್ಥನೆ ನಡೆಸುತ್ತಿದ್ದರು. ಸಿರುಗುಪ್ಪದಿಂದ ಪಾಸ್ಟರು ಬೈಕಿನಲ್ಲಿ ಬರುತ್ತಿದ್ದರು. ಸುವಾರ್ತಮ್ಮ ಹೋದರೂ ನಡೆಯುತ್ತಿತ್ತು, ಹೋಗದಿದ್ದರೂ ನಡೆಯುತ್ತಿತ್ತು. ಆಮೇಲೆ ಮತಾಂತರ ತಡೆಯುವ ಕಾಯಿದೆ ಬಂತು, ಕಾಯಿದೆಗಿಂತ ಮುಂಚೆ ಕಾಯಿದೆಯ ಹೆಸರು ಹೇಳಿಕೊಂಡು ಓಡಾಡುವ ಹುಡುಗರು ಬಂದರು. ಶೆಡ್ಡಿನ ಮಾಲೀಕ ಮರಿಬಸಪ್ಪ ಬೀಗ ಹಿಡಿದುಕೊಂಡು ನಿಂತ.

"ನಾ ಬ್ಯಾಡ ಅನ್ನಂಗಿಲ್ಲವ್ವಾ. ನಾನೂ ಊರಾಗ ನಾಕ್ ಮಂದಿ ಜೊತಿ ಬಾಳೇವು ಮಾಡಬೇಕಲ್ಲ. ಇಲ್ಲಿ ಮತಾಂತರ ನಡಿತೈತಿ ಅಂತ ಹುಡುಗ್ರು ಹಾರಾಡಾಕತ್ಯಾರ."

ಸುವಾರ್ತಮ್ಮ ಪಕ್ಕದಲ್ಲಿದ್ದ ಮುದುಕಿ ಪಾರಮ್ಮನ ಕಡೆ ಕೈ ತೋರಿಸಿದಳು. "ಯಾರನ್ನ ಮಾಡಾಣ್ರೀ ಯಜಮಾನ್ರ? ಇರೋ ಎಂಟು ಮನಿಯವರನ್ನ ಹಿಡಿದು ಕುಂದ್ರಸಾದ ಸಾಕಾಗೈತಿ. ಈ ಪಾರಮ್ಮ ಪ್ರಾರ್ಥನ್ಯಾಗ ಗೊರಕಿ ಹೊಡಿತಾಳ, ಮದ್ಲು ಇಕಿನ್ನ ಮತಾಂತರ ಮಾಡಬೇಕು."

ಮರಿಬಸಪ್ಪ ಹೊಟ್ಟೆ ಕುಲುಕಿಸಿ ನಕ್ಕ. ನಕ್ಕು ಬೀಗ ಹಾಕಿದ.

ಪಾಸ್ಟರು ಫೋನಿನಲ್ಲಿ, "ಸಹೋದರಿ, ಸ್ವಲ್ಪ ಕಾಲ ತಾಳ್ಮೆಯಿಂದಿರಿ, ಅವರವರ ಮನೆಯಲ್ಲೇ ಪ್ರಾರ್ಥಿಸಿರಿ" ಎಂದರು. ಅವರ ಬೈಕು ಆಮೇಲೆ ಕುರುಗೋಡಿನ ಕಡೆ ತಿರುಗಲಿಲ್ಲ. ಹೆದರಿದ್ದರು. ಹೆದರಲು ಕಾರಣವೂ ಇತ್ತು, ಅದಕ್ಕೆ ನಾನು ಅವರನ್ನು ಬೈಯುವುದಿಲ್ಲ. ಆದರೆ ಎಂಟು ಮನೆಯಲ್ಲಿ ತಡವರಿಸದೆ ವಾಕ್ಯ ಓದಬಲ್ಲವಳು, ಹಾಡು ಎತ್ತಿಕೊಡಬಲ್ಲವಳು ಸುವಾರ್ತಮ್ಮ ಒಬ್ಬಳೇ. ಪ್ರಾರ್ಥನೆ ಇವಳ ಮನೆಯಂಗಳಕ್ಕೆ, ಬೇವಿನ ಗಿಡದ ಕೆಳಕ್ಕೆ ಬಂತು. ಇವಳು ಭಾನುವಾರ ಬಳ್ಳಾರಿಯಲ್ಲಿ ಪ್ಯಾಂಟಿನ ಕಾಲು ಹೊಲಿಯುತ್ತಿದ್ದಳು. ಹೀಗೇ ಎರಡು ಮೂರು ಭಾನುವಾರ ಕಳೆದ ಮೇಲೆ ಪಾರಮ್ಮ ಬಂದು ಕಟ್ಟೆಯ ಮೇಲೆ ಕುಕ್ಕರಿಸಿದಳು.

"ನೀ ಇಲ್ದಿದ್ರ ನಾವು ಗಿಡದ ಬುಡಕ ಕುಂತು, ಸೊಸೇರ ಸುದ್ದಿ ಮಾತಾಡಿ, ಎಲಿಅಡಿಕಿ ಹಾಕ್ಕೊಂಡು ಎದ್ದು ಬಂದ್ವಿ. ಅದು ಪ್ರಾರ್ಥನಿ ಏನವ್ವಾ? ಮುಂದಿನ ವಾರ ಯಾಕ ಬರಬೇಕು ಅನ್ನಾಕತ್ಯಾರ ಮಂದಿ."

ಸುವಾರ್ತಮ್ಮನಿಗೆ ಅರ್ಥವಾಯಿತು. ಶೆಡ್ಡಿಗೆ ಬೀಗ ಹಾಕಿದವರಿಂದ ಆಗದ ಕೆಲಸ ತನ್ನ ಗೈರುಹಾಜರಿಯಿಂದ ಆಗುತ್ತದೆ. ಸಭೆ ಯಾರೂ ಮುಟ್ಟದೆಯೇ ಕರಗಿ ಹೋಗುತ್ತದೆ.

ಜಂಬುನಾಥನ ಹತ್ತಿರ ಹೋದಳು. ಅವನೂ ಒಂದು ಕಾಲಕ್ಕೆ ಟೇಲರನೇ. ಕಿವಿಯ ಮೇಲೆ ಸೀಮೆಸುಣ್ಣದ ತುಂಡು ಈಗಲೂ ಇರುತ್ತದೆ, ಅಭ್ಯಾಸಕ್ಕೆ.

"ನಿಮ್ ದೇವ್ರಿಗೆ ಬ್ಯಾರೆ ವಾರ ಸಿಗಲಿಲ್ಲೇನ ಸುವಾರ್ತಾ? ಲೋಡಿನ ದಿನಾನ ಬೇಕಾತಾ?"

"ನೀ ಲೋಡ್ ಕಟ್ಟಾದು ನಿನ್ನೆ ಮೊನ್ನೆ ಅಣ್ಣಾ. ಭಾನುವಾರ ಅದಕಿಂತ ಮುಂಚಿಂದು."

"ಮಾತಿಗೇನ್ ಕಮ್ಮಿ ಇಲ್ಲ ನಿನಗ. ಶನಿವಾರಾನ ಕಾಲೆಲ್ಲಾ ಕೂಡ್ಸಿ ಗುಡ್ಡೆ ಹಾಕಿ ಹೋಗು. ಭಾನುವಾರ ಹಾಡ್ಕೋ, ಕುಣ್ಕೋ."

ಹೇಳುವುದು ಸುಲಭ. ಶನಿವಾರ ಕಟಿಂಗ್ ಬರುವುದೇ ಹೊತ್ತು ಇಳಿದ ಮೇಲೆ. ಕೊನೆಯ ಬಸ್ಸಿನ ಹೊತ್ತಿನ ತನಕ ಕೂತು ಹೊಲಿದರೂ ಗುಡ್ಡೆ ಅರ್ಧವೇ ಆಯಿತು. ಮಿಕ್ಕ ಅರ್ಧಕ್ಕೆ ಭಾನುವಾರ ಬೆಲ್ಟಿನ ಲೂಪು ಹೊಲಿಯುವ ದುರ್ಗೇಶ್‌ನನ್ನು ಫೀಡಾಫಿಗೆ ಕೂರಿಸಿದರು. ದುರ್ಗೇಶ್ ಕೈ ಚುರುಕು, ಕಣ್ಣು ಮೊಬೈಲಿನಲ್ಲಿ.

ಡೆನಿಮ್ ಬಟ್ಟೆಯದು ಒಂದು ಕಳ್ಳಾಟವಿದೆ. ಹೊಸದಿದ್ದಾಗ ಎಲ್ಲ ತಾನುಗಳೂ, ಅಂದರೆ ಬಟ್ಟೆಯ ಸುರುಳಿಗಳೂ, ಒಂದೇ ಕಡುನೀಲಿ. ವಾಷಿಂಗಿಗೆ ಹೋಗಿ ಬಂದ ಮೇಲೆ ಒಂದು ತಾನು ನೀಲಿ ಉಳಿಯುತ್ತದೆ, ಇನ್ನೊಂದು ಬೂದಿಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಕಟಿಂಗಿನವರು ಪ್ರತಿ ಕಟ್ಟಿಗೂ ತಾನಿನ ನಂಬರು ಅಂಟಿಸಿರುತ್ತಾರೆ. ಆ ತಾನಿನ ಮುಂದಿನ ತುಂಡಿಗೆ ಅದೇ ತಾನಿನ ಹಿಂದಿನ ತುಂಡು ಕೂಡಿಸಬೇಕು. ದುರ್ಗೇಶ್ ಕೈಗೆ ಸಿಕ್ಕಿದ್ದಕ್ಕೆ ಸಿಕ್ಕಿದ್ದು ಕೂಡಿಸಿದ. ವಾರದ ನಂತರ ವಾಷಿಂಗಿನಿಂದ ಮಾಲು ವಾಪಸು ಬಂದಾಗ ಜಂಬುನಾಥ ಒಂದು ಪ್ಯಾಂಟು ಎತ್ತಿ ಹಿಡಿದು ಕುಣಿದ.

"ಮುಂದ ನೋಡಿದ್ರ ಮದುಮಗ, ಹಿಂದ ನೋಡಿದ್ರ ಭಿಕಾರಿ! ಯಾರಿಗ್ ಮಾರ್ಲಿ ಇದನ್ನ? ಸುವಾರ್ತಾ, ನೀ ಹಾಡಾಕ ಹೋದಿ, ನನ್ನ ಮಾಲು ಎರಡು ಬಣ್ಣ ಆತು."

"ಕೆಡಿಸಿದಾವ ದುರ್ಗೇಶ. ಬೈಸ್ಕಳಾಕಿ ನಾನು?"

"ಅವನಿಗೆ ಬೈದ್ರ ನಾಳೆ ಬ್ಯಾರೆ ಯೂನಿಟ್ಟಿಗೆ ಹೋಕ್ಕಾನ. ನೀ ಎಲ್ಲೂ ಹೋಗಂಗಿಲ್ಲಲ್ಲ."

ಈ ಒಂದು ಮಾತಿನಲ್ಲಿ ಬಳ್ಳಾರಿಯ ದುಡಿಮೆಯ ಶಾಸ್ತ್ರವೆಲ್ಲ ಇದೆ. ತಾಳಿಕೊಳ್ಳುವವರ ಬೆನ್ನ ಮೇಲೇ ಇನ್ನೊಂದು ಮೂಟೆ. ಆಕೆಯ ಸಹನೆಯನ್ನು ಭಕ್ತಿ ಎಂದು ಪಾಸ್ಟರು ಹೊಗಳುತ್ತಿದ್ದರು, ಅದನ್ನೇ ಜಂಬುನಾಥ ಪುಕ್ಕಟೆ ಬಂಡವಾಳ ಮಾಡಿಕೊಂಡಿದ್ದ.

ಇವಳ ಭಾನುವಾರ ಮತ್ತೆ ಮಷೀನಿಗೆ ಹೋಯಿತು. ವಿಷಯ ನಮ್ಮ ಹೊಲಿಗೆ ಕಾರ್ಮಿಕರ ಸಂಘಕ್ಕೆ ಬಂತು. ಎಲ್ಲರಿಗೂ ವಾರಕ್ಕೊಂದು ಖಾಯಂ ರಜೆ ಕೇಳೋಣ ಎಂದು ಯೂನಿಟ್ಟಿನ ಹಿಂದಿನ ಸಂದಿಯಲ್ಲಿ ಸಭೆ ಕರೆದೆವು. ಎಲ್ಲರೂ ಕೈ ಎತ್ತಿದರು. ಯಾವ ವಾರ ಎಂದಾಗ ಕೈಗಳೆಲ್ಲ ಕೆಳಗಿಳಿದು ಬಾಯಿಗಳು ಮೇಲೆದ್ದವು. ಜಿಪ್ ಹಾಕುವ ಖಾಜಾವಲಿ, "ಜುಮ್ಮಾ ಪೂರಾ ದಿನ ಕೊಡ್ಸ್ರಿ, ಅರ್ಧಾ ಯಾಕ?" ಎಂದ. ಅರ್ಧ ಮಂದಿ ಸೋಮವಾರ ಎಂದರು, ಅಮಾವಾಸ್ಯೆ ಬಿಡುವುದಿಲ್ಲ ಎಂದು ಇನ್ನೊಂದಿಷ್ಟು ಮಂದಿ. ದುರ್ಗೇಶ್ ಗೋಡೆಗೆ ಒರಗಿಕೊಂಡೇ ಹೇಳಿದ:

"ಭಾನುವಾರ ಅಂತ ಬರದ್ರ ಇದು ಕಿರಿಸ್ತಾನರ ರಜಾ ಅಂತಾರ ನೋಡ್ರಿ. ಈಗಿನ ಟೈಮ್‌ನಾಗ ಸುಮ್ನ ಮೈಮ್ಯಾಲ್ ಹಾಕ್ಕಳಾದು ಯಾಕ?"

ಸುವಾರ್ತಮ್ಮ ಎದ್ದು ನಿಂತಳು. "ಸಾಲಿಗೂ ಭಾನುವಾರ ರಜಾ, ಬ್ಯಾಂಕಿಗೂ ರಜಾ. ತಾಲ್ಲೂಕು ಕಚೇರಿ ಭಾನುವಾರ ಬಾಗಿಲು ತೆಗಿಯಂಗಿಲ್ಲ. ಅವ್ರೆಲ್ಲಾ ಯಾವಾಗ ದೀಕ್ಷಾಸ್ನಾನ ತಗೊಂಡ್ರು?"

ಕೆಲವರು ನಕ್ಕರು. ಪೊಲೀಸರ ಲಾಠಿಗೆ ಹೆದರದ ಸಂಘದವರು ನಾವು, ಒಂದು ವಾರದ ಹೆಸರಿಗೆ ಹೆದರಿದೆವು. ‘ಸರ್ವಸಮ್ಮತವಾದ ಒಂದು ದಿನ’ ಎಂದು ಬೇಡಿಕೆ ಇಟ್ಟೆವು. ಜಂಬುನಾಥ ಕೇಳಿಸಿಕೊಂಡು, ನಮಗೆಲ್ಲ ಚಹಾ ತರಿಸಿ, ನಗುತ್ತಾ ಹೇಳಿದ: "ಸರ್ವಸಮ್ಮತ ಅಂದ್ರಲ್ಲ? ಕರೆಂಟ್ ಇಲ್ಲದ ದಿನ ಖಾಯಂ ರಜಾ. ಯಾರ ದೇವ್ರಿಗೂ ಬ್ಯಾಸರಿಲ್ಲ." ಕೆಲವರು ಚಪ್ಪಾಳೆ ಬೇರೆ ತಟ್ಟಿದರು. ಇದ್ದದ್ದನ್ನೇ ಕೇಳಿ, ಇದ್ದದ್ದನ್ನೇ ಪಡೆದು, ಅವನ ಚಹಾ ಕುಡಿದು ಮನೆಗೆ ಹೋದೆವು. ಅದನ್ನು ನೆನೆಸಿಕೊಂಡರೆ ಈಗಲೂ ಬಾಯಿ ಕಹಿಯಾಗುತ್ತದೆ.

ಸುವಾರ್ತಮ್ಮ ಮಾತ್ರ ಅದರಲ್ಲೂ ಒಂದು ಸಂದು ಹುಡುಕಿದಳು. ನಾಳೆ ಬಜಾರಿನಲ್ಲಿ ಕರೆಂಟು ಇಲ್ಲ ಎಂದು ಗೊತ್ತಾದ ಕೂಡಲೇ ಕುರುಗೋಡಿನ ಮನೆಮನೆಗೆ ಫೋನು ಮಾಡುತ್ತಿದ್ದಳು: "ನಾಳೆ ಪ್ರಾರ್ಥನಿ ಐತಿ, ಬರ್ರಿ." ಪಾರಮ್ಮ ಸಿಡಿದೆದ್ದಳು.

"ಕರ್ತನ ದಿನ ಭಾನುವಾರ. ಲೈನ್‌ಮನ್ ದಿನ ಯಾವಾಗಿಂದ ಕರ್ತನ ದಿನ ಆತು?"

"ಕರ್ತನಿಗೆ ನನ್ನ ಗತಿ ಗೊತ್ತೈತಿ. ಬಾಯಿ ಮುಚ್ಕೊಂಡು ಬಾ ನೀನು."

ಬಂದರು. ಮೊದಮೊದಲು ಬಂದರು. ಆಮೇಲೆ ಮೆಣಸಿನಕಾಯಿ ಹೊಲದಲ್ಲಿ ಕಳೆ ಶುರುವಾಯಿತು. ಬಳ್ಳಾರಿಯ ಕರೆಂಟಿಗೂ ಕುರುಗೋಡಿನ ಕಳೆಗೂ ಯಾವ ಒಪ್ಪಂದ? ಒಂದು ಬುಧವಾರ ಸಂಘದ ಕೆಲಸಕ್ಕೆಂದು ನಾನು ಅವಳ ಮನೆಗೆ ಹೋದಾಗ ಗಿಡದ ಕೆಳಗೆ ಪಾರಮ್ಮ, ಇನ್ನಿಬ್ಬರು ಮುದುಕಿಯರು ಮಾತ್ರ ಕೂತಿದ್ದರು. ಸುವಾರ್ತಮ್ಮ ಸೆರಗು ಹೊದ್ದು ಹಾಡು ಎತ್ತಿದ್ದಳು. ಹಾಡಿನ ಮಧ್ಯೆ ಫೋನು ಹೊಡೆದುಕೊಂಡಿತು. ಜಂಬುನಾಥ. ಗಂಟಲು ಅಂಗಳಕ್ಕೆಲ್ಲ ಕೇಳುತ್ತಿತ್ತು.

"ಸುವಾರ್ತಾ, ಕರೆಂಟ್ ಜಲ್ದಿನ ಬಂತು. ಬಸ್ ಹತ್ತು."

"ಇವತ್ತು ರಜಾ ಅಣ್ಣಾ. ನೀನ ಕೊಟ್ಟಿದ್ದು."

"ಕರೆಂಟ್ ಇಲ್ದಾಗ ರಜಾ ಅಂದಿದ್ದೆ. ಈಗ ಐತೆಲ್ಲ? ಎಲ್ಲಾರೂ ಬಂದು ಕುಂತಾರ, ನಿನ್ನ ಒಂದು ಸೀಟು ಖಾಲಿ."

ಅವಳು ಫೋನು ಬಂದ್ ಮಾಡಿ ತೊಡೆಯ ಮೇಲಿಟ್ಟುಕೊಂಡಳು. ಪಾರಮ್ಮ ಮೆಲ್ಲಗೆ, "ಹೋಗವ್ವಾ, ಹೊಟ್ಟಿ ಮದ್ಲು" ಎಂದಳು.

"ಹುಟ್ಟಿದಾಗಿಂದ ಹೊಟ್ಟಿ ಮದ್ಲು, ಹೊಟ್ಟಿ ಮದ್ಲು! ಎರಡನೇದು ಯಾವಾಗ ಬರ್ತೈತಿ ಪಾರತ್ತಿ, ಹೆಣ ಎತ್ತಿದ ಮ್ಯಾಲಾ?"

ಗದರಿದ್ದು ಪಾರಮ್ಮನಿಗಾದರೂ ಕಣ್ಣು ಬೇರೆಲ್ಲೋ ಇತ್ತು. ಆಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಳು. ನಾನು ಬಹಳ ಪ್ರಾರ್ಥನೆ ಕೇಳಿದವನಲ್ಲ, ಆದರೆ ಅದು ಬೇಡಿಕೊಳ್ಳುವ ದನಿಯಾಗಿರಲಿಲ್ಲ, ಜಗಳದ ದನಿ.

"ಕರ್ತನೇ, ನೀನು ಆರು ದಿನ ದುಡಿದು ಏಳನೇ ದಿನಕ್ಕ ಕುಂತಿ. ನಿನಗ್ಯಾರೂ ಫೋನ್ ಮಾಡಲಿಲ್ಲ. ನಾನೂ ಕುಂದರಬೇಕು ಅಂತ ನೀನ ಹೇಳಿದಿ. ಹೇಳಿದ ಮ್ಯಾಲ ಜಾಗ ತೋರ್ಸು. ಇಲ್ಲಾಂದ್ರ ಹಂಗ ಹೇಳಬಾರದಿತ್ತು. ಆಮೆನ್."

ಮುದುಕಿಯರು ಗಾಬರಿಯಲ್ಲೇ ಆಮೆನ್ ಅಂದರು. ಬಸ್ಸು ಅವಳಿಲ್ಲದೆ ಹೋಯಿತು.

ಮರುದಿನ ಬೆಳಿಗ್ಗೆ ಫೀಡಾಫಿನ ಮೇಲೆ ದುರ್ಗೇಶ್ ಕೂತಿದ್ದ. ಜಂಬುನಾಥ ಇವಳ ಕಡೆ ನೋಡದೆ ಬಟ್ಟೆ ಎಣಿಸುತ್ತಿದ್ದ. ಅಳಲಿ, ಕಾಲಿಗೆ ಬೀಳಲಿ, ಎರಡು ದಿನ ಆಟ ಆಡಿಸಿ ಮತ್ತೆ ಕೂರಿಸಿದರಾಯಿತು ಎಂಬುದು ಅವನ ಲೆಕ್ಕ. ಖಾಜಾವಲಿಯ ಬಾಯಿಂದ ನನಗೆ ತಿಳಿದದ್ದು ಇಷ್ಟು: ಇವಳು ಚೀಲ ಮೊಳೆಗೆ ತಗುಲಿಸಿ ನೇರ ಹೋಗಿ ಕೇಳಿದಳು.

"ದಾರ ಕತ್ತರಿಸೋ ಕೆಲಸ ಕೊಡು."

ಹೊಲಿದು ಬಂದ ಪ್ಯಾಂಟಿನ ಮೇಲೆ ಉಳಿದ ದಾರದ ತುದಿ ಕತ್ತರಿಸುವುದು ಯೂನಿಟ್ಟಿನಲ್ಲಿ ಎಲ್ಲಕ್ಕಿಂತ ಕೆಳಗಿನ ಕೆಲಸ. ಹೊಸಬರು, ಕಣ್ಣು ಮಂಜಾದವರು ನೆಲದ ಮೇಲೆ ಕೂತು ಮಾಡುವಂಥದ್ದು. ಜಂಬುನಾಥ ತಬ್ಬಿಬ್ಬಾದ.

"ಹುಚ್ಚು ಹಿಡಿತೇನ್ ನಿನಗ? ದುರ್ಗ್ಯಾ, ಏಳ್ಲೇ. ಬಂದು ಮಷೀನಿಗೆ ಕುಂದ್ರು ನೀನು."

"ಭಾನುವಾರ?"

"ಭಾನುವಾರ ಬರಬೇಕು."

"ಹಂಗಾದ್ರ ಕತ್ತರಿ ಕೊಡು. ದಾರ ಕತ್ತರಿಸಾಕಿ ಒಂದಿನ ಬರದಿದ್ರ ಯಾರ ಲೈನೂ ನಿಂದ್ರಂಗಿಲ್ಲ."

ಕತ್ತರಿ ಕೊಟ್ಟ. ಕೊಡದೆ ಏನು ಮಾಡಿಯಾನು? ಆವತ್ತಿನಿಂದ ಅವಳು ನೆಲದ ಮೇಲಿದ್ದಾಳೆ. ಕೂಲಿ ಇಳಿಯಿತು, ಉಚ್ಚೆಂಗೆಪ್ಪ ಮನೆಯಲ್ಲಿ ಮುಖ ಗಂಟು ಹಾಕಿದ. ಭಾನುವಾರ ಕುರುಗೋಡಿನಲ್ಲಿ ವಾಕ್ಯ ಓದುತ್ತಾಳೆ. ಎಂಟು ಮನೆಯಲ್ಲಿ ಐದು ಮನೆಯವರು ಬರುತ್ತಾರೆ. ಪಾಸ್ಟರ ಸುಳಿವಿಲ್ಲ. ಇದನ್ನು ಗೆಲುವು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಕೈಯಲ್ಲಿ ಕಸುಬಿರುವ ಹೆಂಗಸು ಒಂದು ಬೆಳಗಿನ ಪ್ರಾರ್ಥನೆಗಾಗಿ ಕಸುಬನ್ನೇ ಬಿಟ್ಟುಕೊಡಬೇಕಾದರೆ ಅದು ಅವಳ ನಂಬಿಕೆಯ ದೊಡ್ಡಸ್ತಿಕೆ ಇರಬಹುದು, ನಮ್ಮ ಊರಿನ ದೊಡ್ಡಸ್ತಿಕೆಯಂತೂ ಅಲ್ಲ. ಸಂಘದ್ದೂ ಅಲ್ಲ.

ಮೊನ್ನೆ ಯೂನಿಟ್ಟಿಗೆ ಹೋಗಿ ಅವಳ ಪಕ್ಕ ಕುಕ್ಕುರುಗಾಲಲ್ಲಿ ಕೂತು ಹೇಳಿದೆ, ನಿನ್ನ ಮಷೀನು ನಿನಗೆ ವಾಪಸು ಸಿಗಬೇಕು ಸುವಾರ್ತಮ್ಮ, ಸಂಘ ಈ ಸಲ ಬಿಡುವುದಿಲ್ಲ, ಹೋರಾಟ ಮಾಡೋಣ ಎಂದು. ಅವಳು ಪ್ಯಾಂಟು ತಿರುವಿ ಹಾಕಿ, ದಾರ ಕತ್ತರಿಸುತ್ತಾ, ತಲೆ ಎತ್ತದೆ ಅಂದಳು:

"ಮಾಡ್ರಿ ಅಣ್ಣಾ. ಮದ್ಲು ಯಾವ ವಾರ ಅಂತ ನಿಮ್ ನಿಮ್ಮಾಗ ತೀರ್ಮಾನ ಮಾಡ್ಕೊಂಡು ಬರ್ರಿ."

ಇನ್ನೂ ತೀರ್ಮಾನವಾಗಿಲ್ಲ.