ಬಾಗಿಲಲ್ಲಿ ನಿಂತ ಕಾಕು

ಬಿಳೂರಿನಲ್ಲಿ ನಮಗೆ ಹಾಲು ಹಾಕುತ್ತಿದ್ದ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಹೆಂಗಸು ಯಾರ ಮನೆಗೆ ಹೋದರೂ ಹೊಸ್ತಿಲ ಹೊರಗೆ ನಿಂತು, "ಅದೀರೇನ್ರಿ ಒಳಗ?" ಎಂದು ಕೂಗುತ್ತಿದ್ದಳು. ಒಳಗಿದ್ದವರು ಓ ಎಂದ ಮೇಲೆಯೇ ಕಾಲಿಡುತ್ತಿದ್ದಳು.

ಒಮ್ಮೆ ಮೊಬೈಲಿಗೆ ಹೊಸದಾಗಿ ಹಾಕಿಕೊಂಡ ಬಂದೂಕಿನ ಗೇಮನ್ನು ಅವಳ ಕೈಗೆ ಕೊಟ್ಟೆ. ಪರದೆಯಲ್ಲಿ ಮಂಜು ಕವಿದ ಊರು, ಬಂದೂಕು ಹಿಡಿದ ಎರಡು ಕೈ.

"ಕೈ ಅದಾವ, ನಾ ಎಲ್ಲದೀನೋ?" ಎಂದಳು.

"ನೋಡಾಕಿ ನೀನ, ಕಾಕು. ಆ ಮನಿಯೊಳಗ ಹೋಗು."

ಪರದೆಯೊಳಗಿನ ಆ ಮನೆಯ ಬಾಗಿಲು ತೆರೆದೇ ಇತ್ತು. ಕಾಕು ಅದರ ಹೊಸ್ತಿಲವರೆಗೆ ಹೋಗಿ ನಿಂತು, ಮೊಬೈಲಿಗೆ ಬಾಯಿ ಹಚ್ಚಿ, "ಅದೀರೇನ್ರಿ ಒಳಗ?" ಎಂದು ಕೂಗಿದಳು. ಒಳಗಿನಿಂದ ಗುಂಡು ಹಾರಿ ಪರದೆಯೆಲ್ಲ ಕೆಂಪಾಯಿತು.

ಅವಳು ತಬ್ಬಿಬ್ಬಾಗಿ ಬಟನ್ನುಗಳನ್ನು ಒಂದೊಂದೇ ನೋಡುತ್ತ, "ಇದರಾಗ ಮಾತಾಡೂದು ಯಾವುದೋ?" ಎಂದು ಕೇಳಿದಳು.

ನಾನೂ ಹುಡುಕಿದೆ. ಹೊಡೆಯುವುದಿತ್ತು, ಓಡುವುದಿತ್ತು, ಅಡಗುವುದಿತ್ತು.