ಕೌದಿಯ ಕೊನೆಯ ಮೂಲೆ

ಮಧುಗಿರಿಯ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದಾಗ ನನಗಿದ್ದ ಒಂದೇ ಹುಚ್ಚು ಕೌದಿ ಹೊಲಿಯುವುದು. ಯಾರ ಮನೆಗೆ ಹೋದರೂ ಕಣ್ಣು ಹಳೆಯ ಸೀರೆ, ಪಂಚೆಗಳ ಮೇಲೇ. ನಾನು ಬಂದರೆ ಒಣಹಾಕಿದ ಬಟ್ಟೆ ಒಳಗೆ ತೆಗೆದುಕೊಳ್ಳಬೇಕು ಎಂದು ಜೊತೆಯ ಟೀಚರುಗಳು ರೇಗಿಸುತ್ತಿದ್ದರು. ಕಲಿಸಿದವರು ಅತ್ತೆ. ಮಿಡಿಗೇಶಿ ಕಡೆಯವರು, ಕಾಲು ಚಾಚಿ ಕೂತು, ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು, ಮಾತು ನಿಲ್ಲಿಸದೆ ಹೊಲಿಯುತ್ತಿದ್ದರು.

ಎಂಬತ್ತರ ದಶಕದ ಮೊದಲಲ್ಲಿ ನಮ್ಮ ಯಜಮಾನರು ಶಿರಾದ ದರ್ಜಿಯೊಬ್ಬರಿಂದ ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಮಿಷನ್ ತಂದುಕೊಟ್ಟರು. ಬೆಣ್ಣೆಯ ಹಾಗೆ ಓಡುತ್ತದೆ ಎಂದಿದ್ದರಂತೆ ದರ್ಜಿ. ರವಿಕೆಗೇನೋ ಓಡುತ್ತಿತ್ತು. ಕೌದಿಯ ಪದರಗಳನ್ನು ಕಂಡ ಕೂಡಲೇ ಮುಷ್ಕರ ಹೂಡುತ್ತಿತ್ತು. ಮೇಲೆ ನೋಡಿದರೆ ನೇರ ಹೊಲಿಗೆ, ತಿರುಗಿಸಿದರೆ ಅಡಿಯಲ್ಲಿ ದಾರದ ಗೋಜಲು. ಬೆಲ್ಟು ಜಾರಿದರೆ ಶಾಲೆಯ ಸೀಮೆಸುಣ್ಣ ಉಜ್ಜುತ್ತಿದ್ದೆ, ಆಮೇಲೂ ಜಾರಿದರೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ದಪ್ಪ ಸೂಜಿ ಹಾಕಿ ನಿಧಾನವಾಗಿ ತುಳಿದರೆ ಅದು ಮಾತು ಕೇಳುತ್ತದೆ ಎಂಬುದು ಗೊತ್ತಾಗಲು ಬಹಳ ದಿನ ಹಿಡಿಯಿತು. ಅತ್ತೆ ಮಾತ್ರ ಅದರ ಹತ್ತಿರ ಸುಳಿಯುತ್ತಿರಲಿಲ್ಲ.

ಅಷ್ಟರಲ್ಲಿ ನನ್ನ ತಂಗಿಗೆ ಪಾವಗಡದ ನಮ್ಮ ತವರಿನಲ್ಲಿ ಹೆರಿಗೆಯಾಯಿತು. ತೊಟ್ಟಿಲಿಗೆ ಹಾಕುವ ದಿನಕ್ಕೆ ಕೌದಿ ನನ್ನದೇ ಎಂದು ಮಾತು ಕೊಟ್ಟಿದ್ದೆ. ಹಸುಗೂಸಿಗೆ ಹೊಸ ಬಟ್ಟೆ ಆಗದು. ಅತ್ತೆಯ ಹಳೆಯ ನೂಲಿನ ಸೀರೆಗಳನ್ನೇ ಕತ್ತರಿಸಿ ಮಿಷನ್ನಿನಲ್ಲಿ ಹೊಲಿದೆ. ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಶನಿವಾರ, ಅರ್ಧ ದಿನದ ಶಾಲೆ. ಮಧ್ಯಾಹ್ನ ಒಂದು ಮೂಲೆ ಮಾತ್ರ ಉಳಿದಿತ್ತು. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಗಿ, ಅತ್ತೆಯನ್ನು ಕೌದಿಯ ಪಕ್ಕ ಬಿಟ್ಟು ಎದ್ದು ಒಳಗೆ ಹೋದೆ.

ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಮನೆಯ ಹಿರಿಯಳು ಅದರೊಳಗೆ ಒಂದಿಷ್ಟು ಕಾಳು ಹಾಕಬೇಕೆಂಬುದು ಅತ್ತೆಯ ಮನೆತನದ ಪದ್ಧತಿ. ಕೌದಿ ಬರಿಹೊಟ್ಟೆಯಲ್ಲಿ ಇರಬಾರದಂತೆ. ಹಾಕುವುದನ್ನು ಯಾರೂ ನೋಡಬಾರದು, ಹಾಕಿದೆನೆಂದು ಹೇಳಲೂಬಾರದು. ಕೈಯಲ್ಲಿ ಹೊಲಿಯುವಾಗ ಇದರಿಂದ ತೊಂದರೆಯಿರಲಿಲ್ಲ. ಬೆರಳಿಗೆ ಕಾಳು ತಗುಲಿದರೆ ಸೂಜಿ ಪಕ್ಕಕ್ಕೆ ಸರಿಯುತ್ತಿತ್ತು. ಮಿಷನ್ನಿಗೆ ಬೆರಳೆಲ್ಲಿದೆ?

ನಾನು ಹಾಲು ಇಳಿಸಿ ಬಂದು ಕೂತು ತುಳಿದೆ. ಟಕ್ಕೆಂದಿತು. ಸೂಜಿ ಮುರಿದು ಚಕ್ರ ಕಚ್ಚಿ ನಿಂತಿತು. ಮೇಲಿನ ತುಂಡು ಸ್ಕ್ರೂನಲ್ಲೇ ಇತ್ತು, ಮೊನೆ ಮಾಯ. ಮೂಲೆ ಬಿಚ್ಚಿದರೆ ಹುರುಳಿಕಾಳು ಉದುರಿದವು. ಅತ್ತೆ ಗೋಡೆ ನೋಡುತ್ತಿದ್ದರು.

ಕೋಪ ನೆತ್ತಿಗೇರಿತು, ಆದರೆ ಅದಕ್ಕಿಂತ ಭಯ ಹೆಚ್ಚಾಗಿತ್ತು. ಆ ಮೊನೆ ಪದರಗಳ ನಡುವೆ ಸೇರಿಕೊಂಡಿದ್ದರೆ? ಅದರ ಮೇಲೆ ಮಲಗುವುದು ಎಳೆಯ ಕೂಸು. ನೆಲ ಗುಡಿಸಿದೆವು, ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಅಟ್ಟದಲ್ಲಿದ್ದ ಕೆಟ್ಟ ರೇಡಿಯೋದ ಸ್ಪೀಕರ್ ಬಿಚ್ಚಿ, ಅದರ ಅಯಸ್ಕಾಂತವನ್ನು ಕೌದಿಯ ಎರಡೂ ಬದಿ ಆಡಿಸಿದೆ. ಏನೂ ಅಂಟಲಿಲ್ಲ. ಆದರೂ ನನಗೆ ನಂಬಿಕೆ ಬರಲಿಲ್ಲ. ಕೌದಿ ದಪ್ಪ, ಅಯಸ್ಕಾಂತವೋ ಎಷ್ಟೋ ವರ್ಷ ಹಳೆಯದು. ಇದನ್ನು ಒಯ್ಯುವುದೇ ಬೇಡ, ಬರಿಗೈಯಲ್ಲಿ ಹೋಗುತ್ತೇನೆ ಎಂದುಬಿಟ್ಟೆ.

ಅತ್ತೆ ಎದ್ದು ಬಾಗಿಲು ಹಾಕಿ ಬಂದರು. ಕೌದಿಯನ್ನು ನೆಲಕ್ಕೆ ಹಾಸಿ, ರವಿಕೆ ಕಳಚಿಟ್ಟು, ಬರಿಬೆನ್ನಲ್ಲಿ ಅದರ ಮೇಲೆ ಮಲಗಿದರು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

‘ಚುಚ್ಚೋದಿದ್ರೆ ಮೊದ್ಲು ನಂಗೆ ಚುಚ್ಲಿ ಕಣಮ್ಮ,’ ಅಂದರು.

ಆ ಮುದಿ ಮೈ ಅಂಗುಲ ಅಂಗುಲವಾಗಿ ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿತು. ಕೌದಿಯ ತುಂಬ ಹೊರಳಿ ಮುಗಿದ ಮೇಲೂ ಅವರು ಏಳಲಿಲ್ಲ. ನೋಡುತ್ತ ಕೂರಲಾರದೆ ಕಚ್ಚಿ ನಿಂತ ಮಿಷನ್ನನ್ನಾದರೂ ಬಿಡಿಸೋಣ ಎಂದು ಸೂಜಿಯಡಿಯ ತಗಡು ಸರಿಸಿ, ಕೆಳದಾರ ಸುತ್ತಿದ ಬಾಬಿನ್ ಹೊರತೆಗೆದೆ. ಅದರ ಕೆಳಗೆ, ಎಣ್ಣೆ ಹಿಡಿದ ದಾರದ ಕಸದಲ್ಲಿ ಮೊನೆ ಸಿಕ್ಕಿಕೊಂಡಿತ್ತು. ಮುರಿದ ತುಂಡಿಗೆ ಹೊಂದಿಸಿ ನೋಡಿದೆ, ಸರಿಯಾಗಿ ಕೂತಿತು.

ತೋರಿಸಲು ಹೋದವಳಿಗೆ ಅಳು ಬಂದುಬಿಟ್ಟಿತು. ಅತ್ತೆ ಅರೆಗಣ್ಣು ತೆರೆದು ನೋಡಿದರು.

‘ಸಿಕ್ತಾ? ಸರಿ ಬುಡು. ಇನ್ನೊಂದೊಸಿ ಮಲಗ್ತೀನಿ, ಮೆತ್ತಗೈತೆ.’

ಸಂಜೆ ಎದ್ದು ಅವರೇ ಆ ಮೂಲೆಯನ್ನು ಕೈಯಲ್ಲಿ ಹೊಲಿದರು. ಅದಕ್ಕೆ ಮುಂಚೆ ನಾನಾಗಿಯೇ ಅಡುಗೆಮನೆಗೆ ಹೋದವಳು, ಅವರು ಕೆಮ್ಮುವವರೆಗೆ ಹೊರಗೆ ಬರಲಿಲ್ಲ.

ಮರುದಿನ ಪಾವಗಡದಲ್ಲಿ ನಮ್ಮಮ್ಮ ಕೌದಿಯನ್ನು ತೊಟ್ಟಿಲಿಗೆ ಹಾಸುತ್ತ ಕೈಯಾಡಿಸಿ ನೋಡಿದರು. ಅಲ್ಲಿ ಕೌದಿಗೆ ಬೊಂತ ಎನ್ನುತ್ತಾರೆ. ಮೂಲೆಯ ಕಾಳು ಬೆರಳಿಗೆ ತಗುಲಿತೇನೋ, ಈ ಬೊಂತದಲ್ಲಿ ಮಗುವಿಗೆ ಏನೂ ಒತ್ತುವುದಿಲ್ಲ ತಾನೇ ಎಂದು ಕೇಳಿದರು.

‘ಧೈರ್ಯವಾಗಿ ಮಲಗ್ಸಮ್ಮ,’ ಎಂದೆ. ‘ನಮ್ಮತ್ತೆ ಮಲಗಿ ನೋಡಿದ್ದಾರೆ.’