ವೀಣೆಯೊಡನೆ ಸಿಡ್ನಿಯ ಬೇಸಿಗೆ ಹಬ್ಬಕ್ಕೆ

ಶುಕ್ರವಾರ ನಾವು ಮೆಲ್ಬರ್ನ್ ಪಕ್ಕದ ವೆರಿಬೀಯಿಂದ ಹೊರಟಾಗ ಇನ್ನೂ ಬೆಳಕು ಹರಿದಿರಲಿಲ್ಲ. ಮೆಲ್ಬರ್ನಿನಿಂದ ಸಿಡ್ನಿಗೆ ವಿಮಾನದಲ್ಲಿ ಹೋದರೆ ತಿಂಡಿ ತಿಂದು ಮುಗಿಸುವಷ್ಟರಲ್ಲಿ ಇಳಿಯಬಹುದು. ಕಾರಿನಲ್ಲಾದರೆ ಹ್ಯೂಮ್ ಹೆದ್ದಾರಿಯಲ್ಲಿ ಹತ್ತಿರ ಹತ್ತಿರ ಒಂಬೈನೂರು ಕಿಲೋಮೀಟರು. ನಾವು ಕಾರನ್ನೇ ಆರಿಸಿಕೊಂಡದ್ದು ನನ್ನ ವೀಣೆಯ ಸಲುವಾಗಿ. ವಿಮಾನದವರು ಅದನ್ನು ಸೂಟ್‌ಕೇಸುಗಳ ರಾಶಿಗೆ ಎಸೆದರೆ ಏನು ಗತಿ ಎಂದು ನಾನು ಟಿಕೆಟ್ ತೆಗೆಯಲು ಬಿಡಲಿಲ್ಲ.

ಇಲ್ಲಿನ ಬೇಸಿಗೆಯ ಜನವರಿ ಬಂದರೆ ಸಿಡ್ನಿಯ ಇಡೀ ನಗರವೇ ಕಲೆಯ ಹಬ್ಬವಾಗುತ್ತದೆ. ಬೀದಿ, ಪಾರ್ಕು, ಬಂದರಿನ ಕಟ್ಟೆ ಎನ್ನದೆ ಎಲ್ಲೆಲ್ಲೂ ಹಾಡು, ಕುಣಿತ, ನಾಟಕ. ಅದರ ಒಂದು ಮೂಲೆಯ ಪುಟ್ಟ ವೇದಿಕೆಯಲ್ಲಿ ಭಾನುವಾರ ಮಧ್ಯಾಹ್ನ ಇಪ್ಪತ್ತು ನಿಮಿಷ ನಾನು ವೀಣೆ ನುಡಿಸಬೇಕಿತ್ತು. ಇದು ಗಿರಿಜಕ್ಕನ ಕಿತಾಪತಿ. ಧಾರವಾಡದ ಗಿರಿಜಕ್ಕ ಈಗ ಸಿಡ್ನಿಯ ಕೆಲ್ಲಿವಿಲ್‌ನಲ್ಲಿದ್ದಾರೆ, ಆ ವೇದಿಕೆಯ ಸ್ವಯಂಸೇವಕಿ. ನನ್ನನ್ನು ಕೇಳದೆ ಹೆಸರು ಕೊಟ್ಟು, ಆಮೇಲೆ ಫೋನ್ ಮಾಡಿ, "ನೀ ಬರೇ ಹೂಂ ಅನ್ನವಾ, ಉಳಿದದ್ದು ನಾ ನೋಡ್ಕೋತೀನಿ" ಅಂದರು. ಹೂಂ ಅಂದೆ. ಅಂದಿನಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ.

ಯಾಕೆಂದರೆ ಈ ದೇಶಕ್ಕೆ ಬಂದ ಮೇಲೆ ನನ್ನ ವೀಣೆ ಬೆಡ್‌ರೂಮಿನ ವಾರ್ಡ್‌ರೋಬ್ ಮೇಲೆ ಮಲಗಿತ್ತು. ವರ್ಷಕ್ಕೊಮ್ಮೆ ನವರಾತ್ರಿಯ ಸರಸ್ವತಿ ಪೂಜೆಗೆ ನನ್ನ ಗಂಡ ಸುಧಾಕರ ಸ್ಟೂಲ್ ಹತ್ತಿ ಇಳಿಸಿಕೊಡುತ್ತಿದ್ದರು. ಪೂಜೆಗಿಟ್ಟ ವಾದ್ಯವನ್ನು ನುಡಿಸುವಂತಿಲ್ಲ ಎನ್ನುವುದು ನಮ್ಮ ಪದ್ಧತಿ. ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ, ಮರುದಿನ ನುಡಿಸಿದರಾಯಿತು ಎಂದುಕೊಳ್ಳುತ್ತಿದ್ದೆ. ಮರುದಿನ ಕೆಲಸಕ್ಕೆ ಹೋಗುವ ಗಡಿಬಿಡಿ. ವೀಣೆ ಮತ್ತೆ ಮೇಲಕ್ಕೆ. ಈ ಹಬ್ಬಕ್ಕೆಂದು ಅದನ್ನು ಇಳಿಸಿಕೊಂಡು ಅಭ್ಯಾಸಕ್ಕೆ ಕೂತ ದಿನ ಮಗಳು ನಿಧಿ ಬಾಗಿಲಲ್ಲಿ ನಿಂತು ಗಾಬರಿಯಿಂದ ಕೇಳಿದಳು: "ಅಮ್ಮಾ, ಆರ್ ಯೂ ಅಲೌಡ್ ಟು ಪ್ಲೇ ದಟ್?" ದೇವರ ಸಾಮಾನು ಮುಟ್ಟಬಹುದಾ ಎಂದು ಅವಳ ಅನುಮಾನ. ಮೊದಲು ನಗು ಬಂತು, ಆಮೇಲೆ ತುಂಬಾ ನಾಚಿಕೆಯಾಯಿತು. ಈ ಸಲ ನುಡಿಸಲಾಗದಿದ್ದರೆ ಅದು ಇನ್ನು ಪೂಜೆಯ ಸಾಮಾನೇ ಎಂದು ನನಗೆ ಖಾತ್ರಿಯಾಗಿಹೋಗಿತ್ತು.

ಕಾರಿನ ಹಿಂದಿನ ಸೀಟನ್ನು ಅರ್ಧ ಮಡಚಿ ವೀಣೆಯನ್ನು ಮಲಗಿಸಿದ್ದೆವು. ಧೂಳು, ಬಿಸಿಲು ತಾಗಬಾರದೆಂದು ಹಳೆಯ ಹತ್ತಿ ಸೀರೆ ಸುತ್ತಿ, ಅದರ ಮೇಲೊಂದು ಉಣ್ಣೆಯ ಕಂಬಳಿ ಹೊದಿಸಿದ್ದೆ. ಕೂಸಿಗೂ ಇಷ್ಟು ಹೊದಿಸುವುದಿಲ್ಲ ಎಂದು ಸುಧಾಕರ ತಮಾಷೆ ಮಾಡಿದರು. ಪಕ್ಕದಲ್ಲಿ ಮುದುರಿ ಕೂತ ನಿಧಿ ಊರು ದಾಟುವ ಮೊದಲೇ ನಿದ್ದೆ ಹೋದಳು.

ಹೊತ್ತೇರಿದಂತೆ ಮರುಭೂಮಿಯ ಕಡೆಯಿಂದ ಉತ್ತರದ ಬಿಸಿಗಾಳಿ ಶುರುವಾಯಿತು. ದಾರಿಯುದ್ದಕ್ಕೂ ಒಣಗಿದ ಹುಲ್ಲಿನ ಗುಡ್ಡಗಳು, ನೆರಳಿಗಾಗಿ ಒಂದೇ ಮರದಡಿ ಒತ್ತಿ ನಿಂತ ಕುರಿಗಳು. ಆಲ್ಬರಿಯಲ್ಲಿ ಮರ್ರೆ ನದಿ ದಾಟಿ ನ್ಯೂ ಸೌತ್ ವೇಲ್ಸ್ ಸೇರಿದೆವು. ಹೋಲ್‌ಬ್ರೂಕ್ ಎಂಬ ಪುಟ್ಟ ಊರಿನಲ್ಲಿ ಹುಲ್ಲುಹಾಸಿನ ಮೇಲೆ ಒಂದು ದೊಡ್ಡ ಜಲಾಂತರ್ಗಾಮಿ ಕೂತಿದೆ. ಅಲ್ಲಿಂದ ಸಮುದ್ರ ನೂರಾರು ಮೈಲಿ ದೂರ. ನಿಧಿ ಫೋಟೋ ತೆಗೆಸಿಕೊಂಡಳು. ನಾನು ಕಾರಿನ ಹತ್ತಿರವೇ ನಿಂತಿದ್ದೆ.

ಗಂಡಗೈ ತಲುಪುವಾಗ ಊಟದ ಹೊತ್ತು ಮೀರಿತ್ತು, ರೇಡಿಯೋದಲ್ಲಿ ನಲವತ್ತು ಡಿಗ್ರಿ ದಾಟಿತೆಂದರು. ಮರದ ನೆರಳು ನೋಡಿ ಕಾರು ನಿಲ್ಲಿಸಿ, ದೂರದ ಬೆಂಚಿನ ಮೇಲೆ ಪುಳಿಯೋಗರೆ, ಮೊಸರನ್ನದ ಡಬ್ಬಿ ಬಿಚ್ಚಿದೆವು. ಆಮೇಲೆ ನಿಧಿಗೆ ಐಸ್‌ಕ್ರೀಮ್, ಸುಧಾಕರರಿಗೆ ಕಾಫಿ. ವಾಪಸ್ ಬಂದಾಗ ನೆರಳು ಸರಿದುಹೋಗಿತ್ತು. ಬಾಗಿಲ ಹಿಡಿ ಮುಟ್ಟಿದರೆ ಕೈ ಚುರ್ರೆಂದಿತು. ಕಂಬಳಿ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಸಂಜೆ ಕೆಲ್ಲಿವಿಲ್ ತಲುಪಿ ಗಿರಿಜಕ್ಕನ ಹಾಲ್‌ನಲ್ಲಿ ಕಂಬಳಿ ಬಿಚ್ಚಿದೆ. ವೀಣೆಯ ಮೆಟ್ಟಿಲುಗಳು, ಅಂದರೆ ತಂತಿಯನ್ನು ಒತ್ತಿ ಹಿಡಿಯುವ ಹಿತ್ತಾಳೆ ಪಟ್ಟಿಗಳು, ಕೂತಿರುವುದು ಕಪ್ಪು ಮೇಣದ ಮೇಲೆ. ಕಾರಿನ ಹಿಂದಿನ ಗಾಜಿನ ಕೆಳಗಿದ್ದ, ವೀಣೆಯ ದುಂಡನೆಯ ಕೊಡದ ಕಡೆಯ ಮೇಣ ಮೆತ್ತಗಾಗಿತ್ತು. ನಾನು ಪ್ರೀತಿಯಿಂದ ಹೊದಿಸಿದ ಕಂಬಳಿ ಬಿಸಿಯನ್ನೂ ಹಿಡಿದಿಟ್ಟು, ಮೇಲಿಂದಲೂ ಒತ್ತಿತ್ತು. ಮೇಲಿನ ಸ್ಥಾಯಿಯ ಮೆಟ್ಟಿಲುಗಳೆಲ್ಲ ವಾಲಿ ಒಂದಕ್ಕೊಂದು ಒರಗಿದ್ದವು. ಮೀಟಿದರೆ ಷಡ್ಜವಿರಬೇಕಾದಲ್ಲಿ ಎಂಥದೋ ಅಪಸ್ವರ.

"ನೆರಳಲ್ಲೇ ನಿಲ್ಸಿದ್ನಲ್ಲೇ" ಅಂದರು ಸುಧಾಕರ.

"ನೆರಳು ನಿಮ್ಗೋಸ್ಕರ ಅಲ್ಲೇ ನಿಂತಿರತ್ತೇನ್ರೀ? ಆ ಕಾಫಿ ಕುಡೀದಿದ್ರೆ ಆಗ್ತಿರ್ಲಿಲ್ವಾ?"

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅವತ್ತು ನಾನು ಉಣ್ಣಲೂ ಇಲ್ಲ, ಮಲಗಲೂ ಇಲ್ಲ.

ಗಿರಿಜಕ್ಕ ಹೇರ್ ಡ್ರೈಯರ್ ತಂದು, "ಬಿಸಿಲಿಗೆ ಸರದದ್ದು ಬಿಸಿಗಾಳಿಗೆ ಸರಿ ಆಗಂಗಿಲ್ಲೇನು?" ಅಂದರು. ಮುಟ್ಟಲು ಧೈರ್ಯ ಬರದೆ ಕಾಲಿಂಗ್ ಕಾರ್ಡಿನ ನಂಬರು ಕೆರೆದು ಮೈಸೂರಿನ ನನ್ನ ವೀಣೆ ಮೇಡಂಗೆ ಫೋನ್ ಮಾಡಿದೆ. ಅವರ ಮಧ್ಯಾಹ್ನದ ನಿದ್ದೆ ಕೆಡಿಸಿದೆನೆಂದು ಕಾಣುತ್ತದೆ. ಪೂರ್ತಿ ಕೇಳಿಸಿಕೊಂಡು, "ಕಾಯಿಸ್ಬೇಡ, ಉಳಿದಿರೋದೂ ಹೋಗತ್ತೆ. ಇಲ್ಲಿಗೆ ಬಂದಾಗ ಹೊಸ ಮೇಣ ಹಾಕ್ಸಿ ಮೇಳ ಕಟ್ಟಿಸೋಣ" ಅಂದರು.

"ಆದ್ರೆ ಭಾನುವಾರ ಏನ್ಮಾಡ್ಲಿ ಮೇಡಂ? ವರ್ಣ ನುಡಿಸ್ಬೇಕು ಅಂತಿದ್ದೆ. ಅದಕ್ಕೆ ಮೇಲಿನ ಸ್ಥಾಯಿ ಬೇಕೇ ಬೇಕು."

"ಅರ್ಧ ಮೆಟ್ಟಿಲು ಚೆನ್ನಾಗಿದೆ ಅಂದ್ಯಲ್ಲ. ಇರೋದ್ರಲ್ಲಿ ನುಡ್ಸು" ಅಂದರು. ಅಷ್ಟರಲ್ಲಿ ಕಾರ್ಡಿನ ದುಡ್ಡು ಮುಗಿಯಿತು.

ಶನಿವಾರ ಬಸ್ಸಿನಲ್ಲಿ ಸಿಟಿಗೆ ಹೋದೆವು. ವಾಹನ ನಿಲ್ಲಿಸಿ ಬೀದಿಗಳನ್ನೇ ಜನರಿಗೆ ಬಿಟ್ಟುಕೊಟ್ಟಿದ್ದರು. ಎತ್ತರದ ಕಟ್ಟಡದ ಗೋಡೆಯ ಮೇಲೆ ಹಗ್ಗಕ್ಕೆ ಜೋತುಬಿದ್ದ ಇಬ್ಬರು ಗೋಡೆಯನ್ನೇ ನೆಲ ಮಾಡಿಕೊಂಡು ಕುಣಿದರು. ಒಂದು ಕಟ್ಟಡದ ಮೆಟ್ಟಿಲುಗಳ ಮೇಲೆ ಕಹಳೆಯವರ ತಂಡ, ಕೆಳಗೆ ಅಜ್ಜ ಅಜ್ಜಿಯರ ಜೋಡಿ ನೃತ್ಯ. ಬೆಳ್ಳಿ ಬಣ್ಣ ಬಳಿದುಕೊಂಡು ವಿಗ್ರಹದಂತೆ ನಿಂತವನು ನಿಧಿ ಹತ್ತಿರ ಹೋದಾಗ ಕಣ್ಣು ಹೊಡೆದ. ಸುಧಾಕರ ಗೋಝ್ಲೆಮೆ ಎಂಬ ತುರ್ಕಿಯವರ ಪಾಲಕ್ ರೊಟ್ಟಿ ತಿಂದು, ನಮ್ಮ ಪರೋಟಾದ ತಂಗಿ ಎಂದು ತೀರ್ಪು ಕೊಟ್ಟರು. ಸಿಡ್ನಿಯ ಸೆಕೆಗೆ ಬೆವರು ಆರುತ್ತಿರಲಿಲ್ಲ. ಎಲ್ಲಿ ನೋಡಿದರೂ ಜನ ಎಷ್ಟು ನಿರಾಳವಾಗಿ ಹಾಡುತ್ತ ಕುಣಿಯುತ್ತಿದ್ದರೆಂದರೆ, ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ವೀಣೆಯಲ್ಲಿ ಉಳಿದಿದ್ದ ಮೆಟ್ಟಿಲುಗಳಲ್ಲಿ ಮುಗಿಯುವಂಥದ್ದು ಏನಿದೆ ಎಂದು ನನ್ನ ಬೆರಳುಗಳು ದಿನವಿಡೀ ಹ್ಯಾಂಡ್‌ಬ್ಯಾಗಿನ ಪಟ್ಟಿಯ ಮೇಲೆ ಹುಡುಕುತ್ತಿದ್ದವು. ಸಿಕ್ಕಿದ್ದು ಒಂದೇ: ಸಂಗೀತ ಕಲಿಯುವ ಮಕ್ಕಳಿಗೆ ಮೊದಲ ವರ್ಷ ಹೇಳಿಕೊಡುವ ಗೀತೆ.

ಭಾನುವಾರ ಪಾರ್ಕಿನಲ್ಲಿ ಅತ್ತಿಮರದಡಿ ವೇದಿಕೆ. ಆಚೆ ದೊಡ್ಡ ವೇದಿಕೆಯಲ್ಲಿ ಡ್ರಮ್ ಬಾರಿಸುತ್ತಿದ್ದರು. ಹುಲ್ಲಿನ ಮೇಲೆ ಚಾಪೆ, ತಿಂಡಿ ಡಬ್ಬಿ, ಕೂಸುಗಳನ್ನು ತಳ್ಳುವ ಪ್ರ್ಯಾಮ್‌ಗಳ ಸಮೇತ ಒಂದಿಷ್ಟು ನಮ್ಮವರು; ಗಿರಿಜಕ್ಕ ಊರಿಗೆಲ್ಲ ಡಂಗುರ ಸಾರಿದ್ದರು. ಮೈಕ್ ಹಿಡಿದ ಹುಡುಗಿ ನನ್ನ ಹೆಸರನ್ನು ಹೇಗೋ ಉಚ್ಚರಿಸಿ, ಈಗ ಭಾರತದ ಅತ್ಯಂತ ಪ್ರಾಚೀನ, ಗಂಭೀರ ರಚನೆಯೊಂದನ್ನು ಕೇಳುತ್ತೀರಿ ಎಂದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಂಜಬ್ಯಾಡವಾ, ಚಾಲೂ ಮಾಡು" ಎಂದು ಪಿಸುಗುಟ್ಟಿ ಗಿರಿಜಕ್ಕ ಇಳಿದುಹೋದರು.

ಶುರುಮಾಡಿದೆ. ಮೊದಲ ಸಾಲನ್ನು ತಲೆ ಎತ್ತದೆ ನುಡಿಸಿದೆ. ಎರಡನೇ ಸಾಲಿಗೆ ಚಾಪೆಯ ಮೇಲಿನ ಒಬ್ಬಾಕೆ ಪಕ್ಕದವಳ ಮೊಣಕೈ ತಿವಿದಳು. ಮಕ್ಕಳ ಪಾಠ ನುಡಿಸುತ್ತಿದ್ದಾಳೆಂದು ನಗುತ್ತಿದ್ದಾರೆ ಎಂದು ಕಣ್ಣು ತಗ್ಗಿಸಿದೆ. ಆಗ ಕೇಳಿಸಿತು: ಆಕೆ ಹಾಡುತ್ತಿದ್ದಳು. ಪಕ್ಕದವಳೂ ಸೇರಿಕೊಂಡಳು. ಪ್ರ್ಯಾಮ್ ಹಿಡಿದಿದ್ದ ಗಂಡಸೊಬ್ಬ ಅದರ ಹಿಡಿಯ ಮೇಲೆ ತಾಳ ಹಾಕತೊಡಗಿದ. ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಸಂಜೆ ಸಂಗೀತ ಕ್ಲಾಸಿಗೆ ದಬ್ಬಿಸಿಕೊಂಡು, ಎಸ್ಸೆಸ್ಸೆಲ್ಸಿಯ ನೆಪದಲ್ಲಿ ಬಿಟ್ಟವರೆಲ್ಲ ಅಲ್ಲಿದ್ದರು. ವರ್ಣ ಅವರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಇದು ಎಲ್ಲರಿಗೂ ಬರುತ್ತಿತ್ತು.

ಮೈಮರೆತು ನನ್ನ ಕೈ ಒಮ್ಮೆ ಮೇಲಕ್ಕೆ ಜಾರಿತು. ವಾಲಿದ ಮೆಟ್ಟಿಲು ಕರ್ಕಶವಾಗಿ ಕಿರುಚಿತು. ಆದರೆ ಹಾಡುವವರು ನಿಲ್ಲಿಸಲಿಲ್ಲ, ಹಾಗಾಗಿ ನಾನೂ ನಿಲ್ಲಿಸುವಂತಿರಲಿಲ್ಲ. ಕ್ಲಾಸಿನಲ್ಲಿ ಮಾಡಿಸುತ್ತಿದ್ದಂತೆ ಎರಡನೇ ಕಾಲಕ್ಕೆ, ಅಂದರೆ ದುಪ್ಪಟ್ಟು ವೇಗಕ್ಕೆ, ಏರಿಸಿದೆ, ಜೊತೆಗೇ ಬಂದರು. ಮೂರನೇ ಕಾಲಕ್ಕೆ ಏರಿಸಿದೆ, ಆಗಿನಂತೆಯೇ ಎಲ್ಲರೂ ಎಡವಿ, ನಕ್ಕು, ಚಪ್ಪಾಳೆ ತಟ್ಟಿದರು. ನಾನು ಅಳುತ್ತಿದ್ದೆನೆಂದು ಆಮೇಲೆ ನಿಧಿ ಹೇಳಿದಳು.

ಸೋಮವಾರ ಅದೇ ದಾರಿಯಲ್ಲಿ ಮರಳಿದೆವು. ಈ ಸಲ ಕಂಬಳಿ ಇರಲಿಲ್ಲ. ಗಂಡಗೈಯಲ್ಲಿ ಸರದಿಯ ಮೇಲೆ ಉಂಡೆವು. ಒಬ್ಬರು ಬೆಂಚಿನ ಮೇಲೆ, ಒಬ್ಬರು ಏಸಿ ಹಾಕಿಕೊಂಡು ವೀಣೆಯ ಕಾವಲಿಗೆ. ಆದರೂ ಪ್ರತಿ ಉಬ್ಬಿಗೆ ಹಿಂತಿರುಗಿ ನೋಡುವುದು ನನಗೆ ತಪ್ಪಲಿಲ್ಲ.

ವೆರಿಬೀ ಸೇರಿದಾಗ ಸಂಜೆಗಾಳಿ ತಂಪಾಗಿತ್ತು. ನಾನು ವೀಣೆಯನ್ನು ಹಾಲ್‌ನಲ್ಲಿ ಚಾಪೆಯ ಮೇಲಿಟ್ಟು ನೀರು ಕುಡಿಯುತ್ತಿದ್ದೆ. ಸುಧಾಕರ ಅಭ್ಯಾಸಬಲದಿಂದ ಗ್ಯಾರೇಜಿಗೆ ಹೋಗಿ ಸ್ಟೂಲ್ ತಂದರು.

"ಅದನ್ನ ವಾಪಸ್ ಇಟ್ಬಿಡಿ" ಅಂದೆ.

"ಅದಕ್ಕೇ ತಂದಿದೀನಿ. ವೀಣೆ ಮೇಲಿಡೋಣ ಅಂತಾನೇ."

"ವೀಣೆ ಅಲ್ಲಾರೀ, ಸ್ಟೂಲು."